ಸತ್ತ ಜೆಲ್ಲಿ ಮೀನಿನ ಪಾಠ

ಅಕ್ಕಾ,

ಅಕ್ಷರ ಕಾಗೆಕಾಲು ಗುಬ್ಬಿಕಾಲು ಆಗಿದೆ, ಬೈಯಬೇಡ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಶಿಶುವಿಹಾರದ ಪುಟಾಣಿಗಳಿಗೆ ಜೆಲ್ಲಿ ಮೀನು ತೋರಿಸಲು ಇವತ್ತು ಕಡಲ ದಡಕ್ಕೆ ಹೋಗಿದ್ದೆವು. ಮರಳ ಮೇಲೊಂದು ಸತ್ತು ಬಿದ್ದಿತ್ತು, ಬೋರಲು ಹಾಕಿದ ಗಾಜಿನ ಬಟ್ಟಲಿನಂತೆ. ಮಕ್ಕಳೆಲ್ಲ ಕೈ ಹಿಂದೆ ಕಟ್ಟಿ ನಿಂತವು. ಹೆದರಿದವೇನೋ ಎಂದು, "ಸತ್ತೋಗಿದೆ ಕಂದಾ, ಏನೂ ಮಾಡಲ್ಲ, ಮುಟ್ಟು" ಎನ್ನುತ್ತಾ ನಾನೇ ಎತ್ತಿದೆ. ಅಯ್ಯಯ್ಯೋ, ಕೆಂಡ ಹಿಡಿದಂತಾಯಿತು! ಸತ್ತ ಮೇಲೂ ಕುಟುಕುತ್ತದಂತೆ. ಮುಟ್ಟದೆ, ಕೈ ಹಿಂದೆ ಕಟ್ಟಿ ನೋಡಬೇಕೆಂದು ಟೀಚರ್ ನಿನ್ನೆಯೇ ಮಕ್ಕಳಿಗೆ ಕಲಿಸಿದ್ದರಂತೆ. ಹೊಸದಾಗಿ ಸೇರಿದ ಆಯಾ ನಾನು, ನನಗೆ ಯಾರು ಹೇಳಿದರು? ಒಂದು ಮಗುವಾದರೂ ನನ್ನ ಮಾತು ಕೇಳಿ ಮುಟ್ಟಿದ್ದರೆ ಏನು ಗತಿ! ಡಾಕ್ಟರು ಮುಲಾಮು ಕೊಟ್ಟಿದ್ದಾರೆ, ಅಮ್ಮನಿಗೆ ಹೇಳಬೇಡ. ಹೊರಡುವಾಗ ಎಲ್ಲರಿಗಿಂತ ಚಿಕ್ಕವಳು ಬಂದು, ನನ್ನ ಎರಡೂ ಕೈಗಳನ್ನು ಬೆನ್ನ ಹಿಂದಕ್ಕೆ ಸರಿಸಿ, "ಹೀಗೇ ಇರ್ಬೇಕು, ಆಯ್ತಾ?" ಅಂದಳು.

ನಿನ್ನ ತಂಗಿ