ದಸರೆಗೆ ಕಟ್ಟಿದ ಬ್ಯಾಗು

ಸೆಪ್ಟೆಂಬರ್ 9, ಬೆಳಗ್ಗೆ

ಸಮಸ್ತ ಲೋಕಕ್ಕೆ ತಿಳಿಯಪಡಿಸುವುದೇನೆಂದರೆ: ಇಂದು ಚಹಾಕ್ಕೆ ಮುನ್ನ ನನ್ನ ನೀಲಿ ಬ್ಯಾಗಿನ ಝಿಪ್ ಮುಚ್ಚಿಕೊಂಡಿತು! ಒಳಗೆ ಸೀರೆ, ಸ್ವೆಟರ್, ಮೇಲೆ ಮೊಮ್ಮಗಳು ರುಚಿತಾಗೆ ಹೆಣೆದ ಟೋಪಿ. ದಸರೆಗೆ ಗುರುರಾಜ ಬಂದು ಸಂಭಾಜಿನಗರದ ತನ್ನ ಮನೆಗೆ ಕರೆದೊಯ್ಯುತ್ತಾನೆ. ಮಗನ ಮಾತು. ಹೋಳಿಯಲ್ಲಿ ಈ ನಾಸಿಕದ ವೃದ್ಧಾಶ್ರಮಕ್ಕೆ ಬಿಡುವಾಗಲೂ ಒಂದು ಮಾತು ಕೊಟ್ಟಿದ್ದ — "ಮೊಣಕಾಲು ನೆಟ್ಟಗಾಗೂ ತನಕಾ ಅಷ್ಟೇ, ಅಮ್ಮಾ." ಕಾಲು ನೆಟ್ಟಗಾಗಿ ಮಳೆಗಾಲವೇ ಕಳೆಯಿತು. ಸಂಭಾಜಿನಗರದಲ್ಲಿ ಆಶ್ರಮಗಳಿಲ್ಲವೇ? ಇವೆ. ಆದರೆ ಅಲ್ಲಿ ಮಗನ ಗುರುತಿನವರೂ ಇದ್ದಾರೆ.

ಪಕ್ಕದ ಮಂಚದ ದಾನಮ್ಮ ನಕ್ಕಳು. "ಅಕ್ಕೋರೆ, ದಸರಾ ಇನ್ನಾ ದೂರ ಅದ. ನಿಮಗಿಂತಾ ನಿಮ್ಮ ಬ್ಯಾಗಿಗೇ ಅವಸರ!"

ಸೆಪ್ಟೆಂಬರ್ 12

ಪಿತೃಪಕ್ಷ. ನಮ್ಮ ಸುಗ್ಗಿ. ವರ್ಷವಿಡೀ ಇತ್ತ ತಲೆ ಹಾಕದವರು ಪಾತ್ರೆ ಹೊತ್ತು ಸಾಲುಗಟ್ಟಿದ್ದಾರೆ. ಸತ್ತವರಿಗೆ ಹಸಿವೆ ಹೆಚ್ಚು. ಅವರ ಪರವಾಗಿ ಉಣ್ಣುವ ಹುದ್ದೆ ನಮ್ಮದು. ನಿನ್ನೆ ಯಾರದೋ ಅಜ್ಜಿಯಾಗಿ ಉಂಡೆ, ಇಂದು ತಾಯಿಯಾಗಿ. ದಾನಮ್ಮನಂತೂ ಒಬ್ಬರ ಮಾವನಾಗಿಯೂ ಉಂಡಿದ್ದಾಳೆ. ಎರಡು ಸಲ ಖೀರು ಹಾಕಿಸಿಕೊಂಡ ಮಾವ.

ಸೆಪ್ಟೆಂಬರ್ 15, ಮಧ್ಯಾಹ್ನ

ಇಂದಿನ ದಾನಿಗಳು ಗೋದಾವರಿ ಸ್ನಾನಕ್ಕೆಂದು ನಾಸಿಕಕ್ಕೆ ಬಂದ ಸಂಭಾಜಿನಗರದ ಭಜನಾ ಮಂಡಳಿಯ ಹೆಂಗಸರು. ಬಡಿಸಿದವಳು ಸಾವಿತ್ರಿಬಾಯಿ — ಸೊಲ್ಲಾಪುರದವಳು, ಕನ್ನಡ ಬಲ್ಲಳು.

"ಯಾರ ಹೆಸರಿಲೇ ಊಟರೀ?" ಎಂದೆ.

"ನಮ್ಮ ಬಿಲ್ಡಿಂಗಿಗೆ ಹೊಸದಾಗಿ ಬಂದಾರ, ಗುರುರಾಜ ಅಂತ. ವಿಜಯಪುರದವರು, ಬ್ಯಾಂಕಿನ್ಯಾಗ ಇರ್ತಾರ. ಅವರ ತಾಯಿ ಮಂದಾಕಿನಿಬಾಯಿ ಬ್ಯಾಸಗ್ಯಾಗ ತೀರಿಕೊಂಡ್ರಂತ. ಊಟ ಬ್ಯಾಡ ಅಂದ್ರು ಪಾಪ, ನಾವೇ ಹಟ ಹಿಡದ್ವಿ. ಅವರಿಗೆ ಹೀರೇಕಾಯಿ ಪಲ್ಯಾ ಭಾಳ ಸೇರತಿತ್ತಂತ."

ಸುಳ್ಳು. ಹೀರೇಕಾಯಿ ನನಗಾಗದು.

"ಎಂಥಾ ಮಗಾ ಅಂತೀರಿ! ತಾಯಿ ಅಂದಕೂಡ್ಲೇ ಕಣ್ಣೀರು. ಈಗಿನವರೋ, ಬದುಕಿದ್ದವರನ್ನ ಆಶ್ರಮಕ್ಕ—" ನಾಲಿಗೆ ಕಚ್ಚಿಕೊಂಡಳು. "ಖೀರು ಹಾಕ್ಲೇನ್ರೀ?"

"ಹಾಕ್ರಿ."

ದಾನಮ್ಮ ಬಾಯಿ ತೆರೆದಳು. ಅವಳ ಕಾಲು ತುಳಿದೆ. ಮಗನ ಮಾನ. ನನ್ನ ಶ್ರಾದ್ಧವನ್ನು ಹೊಟ್ಟೆ ತುಂಬ ಉಂಡೆ. ಖೀರಿಗೆ ಸಕ್ಕರೆ ಕಡಿಮೆ.

ಆಮೇಲೆ ಮಹಡಿ ಮೇಲಿನ ಗಚ್ಚಿಯ ಗೋಡೆಯ ಮೇಲೆ ಕಾಗೆಗಳಿಗೆಂದು ನನ್ನ ಹೆಸರಿನ ಎಲೆ ಇಟ್ಟರು. ಕಾಗೆಗಳು ಬಂದು ಸುತ್ತ ಕೂತವು. ಮುಟ್ಟಲಿಲ್ಲ.

"ಏನೋ ಆಸೆ ಉಳದದ," ಎಂದಳು ಸಾವಿತ್ರಿಬಾಯಿ. ಕೈಮುಗಿದು ಎಲೆಗೇ ಹೇಳಿದಳು: "ಮಂದಾಕಿನಿಬಾಯಿ, ಮಗನ ಚಿಂತಿ ಬಿಡ್ರಿ. ನಾವ ಇದ್ದೀವಿ."

ಕಾಗೆಗಳು ಅಲುಗಲಿಲ್ಲ. ಎಲೆಯನ್ನು ನೋಡುತ್ತಲೂ ಇರಲಿಲ್ಲ. ನನ್ನನ್ನು ನೋಡುತ್ತಿದ್ದವು.

ಮನಸ್ಸಿನಲ್ಲೇ ಅಂದೆ: ಆಯಿತು. ದಸರೆಗೆ ಬರುವುದಿಲ್ಲ.

ಒಂದು ಕಾಗೆ ಇಳಿದು ಅನ್ನಕ್ಕೆ ಕೊಕ್ಕು ಹಾಕಿತು. ಹೆಂಗಸರೆಲ್ಲ ಕೈಮುಗಿದರು. ನಾನೂ.

ಸೆಪ್ಟೆಂಬರ್ 16

ಚಹಾ ನನ್ನ ಮಂಚ ದಾಟಿ ಹೋಯಿತು. ಕೂಗಿದೆ. ಚಹಾದವಳು ತಿರುಗಲಿಲ್ಲ. ಕಿವಿ ಮಂದವಾಗಿರಬೇಕು, ಪಾಪ.

ಸಂಜೆ ಗುರುರಾಜನಿಗೆ ಫೋನ್ ಮಾಡಿದೆ.

"ಹಲೋ... ಯಾರ್ರೀ?"

"ನಾನೋ, ಅಮ್ಮ."

"ಹಲೋ? ...ಹಲೋ?"

ಹಿಂದಿನಿಂದ ಸೊಸೆ ಮೃಣಾಲಿನಿ: "ಯಾರದು?"

"ಯಾರೂ ಇಲ್ಲ."

ಲೈನ್ ಕೆಟ್ಟಿರಬಹುದು. ಅವಳ ದನಿ ನನಗೆ ಸ್ವಚ್ಛ ಕೇಳಿಸಿತಲ್ಲ...

ಸೆಪ್ಟೆಂಬರ್ 21, ಸರ್ವಪಿತೃ ಅಮಾವಾಸ್ಯೆ

ದಾನಮ್ಮ ಬೆಳಗಿನಿಂದ ನನ್ನ ಮಂಚದ ಕಡೆ ನೋಡಿ ಅಳುತ್ತಿದ್ದಾಳೆ. "ಏನಾತೇ?" ಎಂದರೆ ನನ್ನ ಖಾಲಿ ದಿಂಬು ನೇವರಿಸುತ್ತಾಳೆ. ಕಿಟಕಿಯಲ್ಲಿ ಆ ಕಾಗೆ. ನನ್ನ ಮಾತಿಗೆ ಕತ್ತು ಹೊರಳಿಸುವುದು ಈಗ ಅದೊಂದೇ. ಒಳ್ಳೆಯ ಶ್ರೋತೃ — ನಡುವೆ ಬಾಯಿ ಹಾಕುವುದಿಲ್ಲ.

ಬ್ಯಾಗು ಬಿಚ್ಚೋಣವೆಂದರೆ... ವಿಚಿತ್ರ. ಪೆನ್ನು ಬೆರಳಿಗೆ ಸಿಗುತ್ತದೆ, ಝಿಪ್ ಸಿಗುವುದಿಲ್ಲ.

ಇದನ್ನು ಓದುವವರು ಯಾರೇ ಇರಲಿ, ಒಂದು ಸಣ್ಣ ಉಪಕಾರ. ಆ ಝಿಪ್ ಸ್ವಲ್ಪ ತೆಗೆಯಿರಿ. ಟೋಪಿ ಮೇಲೆಯೇ ಇದೆ. ಚಳಿ ಬೀಳುವ ಮೊದಲು ರುಚಿತಾಗೆ—