ನಕ್ಷೆಯ ಹಳ್ಳ, ನನ್ನ ಗಂಡನ ಮೂಳೆ

ಪಲಿಯೋಸ್ತ್ರಾತಾ, ಪಿಂಡಸ್ ಬೆಟ್ಟಸಾಲು, ಗ್ರೀಸ್

ಪುರಸಭೆಯ ಮಾನ್ಯ ಅಧ್ಯಕ್ಷರೇ,

ನನ್ನ ಗಂಡನ ಸಮಾಧಿ ತೆಗೆಯಲು ನೀವು ಮೂರನೆಯ ಸಲ ಅನುಮತಿ ನಿರಾಕರಿಸಿದ್ದೀರಿ. ಸ್ಮಶಾನ ಪಕ್ಕದ ಪುರಸಭೆಗೆ ಸೇರಿದ್ದು ಎಂಬುದು ನಿಮ್ಮ ಕಾರಣ. ಪಕ್ಕದವರು, ಸತ್ತವನ ಹೆಸರು ನಿಮ್ಮ ದಾಖಲೆಯಲ್ಲಿದೆ, ನಮಗೆ ಸಂಬಂಧವಿಲ್ಲ ಎನ್ನುತ್ತಾರೆ. ಹೂಳುವಾಗ ಎರಡೂ ಕಡೆಯವರು ತುಟಿ ಪಿಟಕ್ಕೆನ್ನಲಿಲ್ಲ. ಹೀಗೆ ಸ್ತೆರ್ಗಿಯೋಸ್ ಎಂಬ ಮೇಕೆ ಕಾಯುವವನು ನಿಮ್ಮಲ್ಲಿ ಸತ್ತು ಅವರಲ್ಲಿ ಮಲಗಿದ್ದಾನೆ.

ಐದು ವರ್ಷವಾದ ಮೇಲೆ ಮೂಳೆಗಳನ್ನು ಮೇಲೆತ್ತಿ, ಕೆಂಪು ವೈನಿನಲ್ಲಿ ತೊಳೆದು, ಪೆಟ್ಟಿಗೆಯಲ್ಲಿಟ್ಟು ಚರ್ಚಿನ ಪಕ್ಕದ ಕೋಣೆಗೆ ಸೇರಿಸುವುದು ನಮ್ಮಲ್ಲಿ ನಡೆದುಬಂದದ್ದು. ನಿಮ್ಮ ತಂದೆಯವರಿಗೂ ಹಾಗೆಯೇ ಮಾಡಿದಿರೆಂದು ಕೇಳಿದ್ದೇನೆ. ನನ್ನ ಗಂಡನನ್ನು ಹೂತು ಈಗ ಏಳನೆಯ ವರ್ಷ. ಅತ್ತೆ ಪೊಲಿಕ್ಸೇನಿಗೆ ಎಂಬತ್ತೆಂಟು. ಮಗನ ಮೂಳೆ ತಾವೇ ತೊಳೆಯಬೇಕೆಂದು ಪಟ್ಟು ಹಿಡಿದಿದ್ದಾರೆ. ಕಳೆದ ಚಳಿಗಾಲದಿಂದ ಅವರ ಎಡಗೈ ಏಳುತ್ತಿಲ್ಲ. ನಿಮ್ಮ ಕಡತ ಕಾಯಬಹುದು, ಆ ಬಲಗೈ ಎಷ್ಟು ದಿನ ಕಾಯುತ್ತದೆ? ನನಗೆ ಭಯವಾಗಿದೆ.

ಕಳೆದ ಮಂಗಳವಾರ ಅವರನ್ನು ಕರೆದುಕೊಂಡು ನಲವತ್ತು ಕಿಲೋಮೀಟರು ಬೆಟ್ಟವಿಳಿದು ನಿಮ್ಮ ಕಚೇರಿಗೆ ಬಂದೆ. ಗುಮಾಸ್ತ ನಕ್ಷೆ ಬಿಡಿಸಿದ.

"ನೋಡಿ ಅಜ್ಜಿ, ಗಡಿ ಅಂದ್ರೆ ಹಳ್ಳ. ನಿಮ್ಮ ಸ್ಮಶಾನ ಹಳ್ಳದ ಆಚೆಗಿದೆ."

"ಅದು ಹಳ್ಳ ಅಲ್ಲ ಕಣಪ್ಪ, ಒಣ ಕೊರಕಲು. ಹಳ್ಳ ಇರೋದು ಸ್ಮಶಾನ ದಾಟಿದ್ಮೇಲೆ," ಎಂದರು ಅತ್ತೆ.

"ನಕ್ಷೇಲಿ ಇದೇ ಹಳ್ಳ, ಅಜ್ಜಿ."

"ಹಂಗಾದ್ರೆ ಅದ್ರಿಂದ ಒಂದು ಬಿಂದಿಗೆ ನೀರು ತಗೊಂಬಾ, ನೋಡೋಣ."

ಈ ತಪ್ಪು ಎಲ್ಲಿಂದ ಬಂತೆಂದು ನಿಮಗೆ ಗೊತ್ತಿಲ್ಲ, ನನಗೆ ಗೊತ್ತು. ಹಳ್ಳಿಗಳನ್ನೆಲ್ಲ ಪುರಸಭೆಗಳಾಗಿ ಒಗ್ಗೂಡಿಸಿದ ವರ್ಷ ಒಬ್ಬ ಮೋಜಣಿದಾರ ಬಂದ. ಬಂದದ್ದು ಆಗಸ್ಟಿನಲ್ಲಿ, ಎಲ್ಲವೂ ಒಣಗಿದ್ದಾಗ. ಕಾಫಿ ಅಂಗಡಿಯಲ್ಲಿ ಕೂತಿದ್ದವರನ್ನು ಹಳ್ಳ ಯಾವುದೆಂದು ಕೇಳಿದ. ಇವನು ತೆರಿಗೆ ಹಾಕಲು ಊರಿನ ಮೇಕೆ ಎಣಿಸಲು ಬಂದವನೆಂದು ಎಲ್ಲರಿಗೂ ಗುಮಾನಿ. ನಮ್ಮ ದೊಡ್ಡಿ ಇದ್ದದ್ದು ಸ್ಮಶಾನದ ಪಕ್ಕದಲ್ಲೇ. ನನ್ನ ಗಂಡ ಎದ್ದು ಈಚೆಯ ಕೊರಕಲಿನತ್ತ ಕೈ ತೋರಿಸಿ, "ಇದೇ ಸ್ವಾಮಿ ಹಳ್ಳ. ಅಲ್ಲಿಂದಾಚೆ ನಮ್ಮೂರೇ ಅಲ್ಲ," ಎಂದ. ಮೋಜಣಿದಾರ ಗೆರೆ ಎಳೆದುಕೊಂಡು ಹೋದ. ಆ ವಾರವಿಡೀ ಊರು ನಕ್ಕಿತು, ನಾನೂ ನಕ್ಕೆ.

ಒಪ್ಪುತ್ತೇನೆ, ಅವನು ಸುಳ್ಳು ಹೇಳಿದ. ಆದರೆ ನಿಮ್ಮ ಕಚೇರಿ ಯಾವಾಗಿನಿಂದ ಮೇಕೆ ಕಾಯುವವನ ಮಾತು ನಂಬತೊಡಗಿತು? ರಸ್ತೆ ಕುಸಿದಿದೆ ಎಂದು ಬರೆದ, ನಂಬಲಿಲ್ಲ. ವೈದ್ಯರು ಬಾರದೆ ಎರಡು ವರ್ಷವಾಯಿತು ಎಂದು ಬರೆದ, ನಂಬಲಿಲ್ಲ. ಅವನು ಸರಕಾರಕ್ಕೆ ಹೇಳಿದ ಒಂದೇ ಒಂದು ಸುಳ್ಳನ್ನು ಮಾತ್ರ ನಂಬಿ, ಮುದ್ರೆ ಒತ್ತಿ, ಬಣ್ಣದಲ್ಲಿ ಅಚ್ಚು ಹಾಕಿಸಿದಿರಿ. ಆಮೇಲೆ ಒಬ್ಬರಾದರೂ ಮಳೆಗಾಲದಲ್ಲಿ ಬಂದು ನೀರು ಎಲ್ಲಿ ಹರಿಯುತ್ತದೆಂದು ನೋಡಿದಿರಾ?

ನಕ್ಷೆ ತಿದ್ದಿ. ಅದಕ್ಕೆ ವರ್ಷಗಳು ಬೇಕಾದರೆ ತಿದ್ದುತ್ತಾ ಇರಿ, ನಾವು ಕಾಯುವುದಿಲ್ಲ. ಬರುವ ಶನಿವಾರ ಬೆಳಿಗ್ಗೆ ಹತ್ತಕ್ಕೆ ಸಮಾಧಿ ತೆಗೆಯುತ್ತೇವೆ. ಅಗೆಯುವವಳು ನಾನು. ಕಾಗದವಿಲ್ಲದೆ ಹೇಗಮ್ಮ ಎಂದು ನಮ್ಮ ಪಾದ್ರಿಗಳು ಹಿಂಜರಿದಾಗ ಅತ್ತೆ ಕೊಟ್ಟ ಉತ್ತರವನ್ನು ನಿಮಗೂ ತಲುಪಿಸುತ್ತಿದ್ದೇನೆ: "ಹುಟ್ಟಿದಾಗ ಅವನ ಮೈ ತೊಳೆದೋಳು ನಾನು. ಆಗ ಯಾರೂ ಕಾಗದ ಕೇಳ್ಲಿಲ್ಲ."

ಹಿಡಿಸುವುದಾದರೆ ಹಿಡಿಸಿ, ಇಬ್ಬರೂ ಅಲ್ಲೇ ಇರುತ್ತೇವೆ. ಪೊಲೀಸರನ್ನು ಕಳುಹಿಸುವ ಮುನ್ನ ನಾವು ನಿಂತ ನೆಲ ಯಾರದೆಂದು ಎರಡೂ ಪುರಸಭೆಯವರು ಕೂತು ತೀರ್ಮಾನಿಸಿಕೊಳ್ಳಿ. ಅಷ್ಟರಲ್ಲಿ ಅತ್ತೆ ಮಗನನ್ನು ತೊಳೆದು ಮುಗಿಸಿರುತ್ತಾರೆ.

ಇಂತಿ,
ನಿಮ್ಮ ಪಟ್ಟಿಯಲ್ಲಿ ವಿಧವೆ, ಪಕ್ಕದವರ ಪಟ್ಟಿಯಲ್ಲಿ ಇಲ್ಲವೇ ಇಲ್ಲದ
ಆರ್ಗಿರೋ