ಮೆಟ್ಟಿಲ ಮೇಲೆ ಕೂರುವ ನಿಯಮ

ಜೂನ್ ೩, ಸೋಮವಾರ. ಸಂಜೆ

ಇವತ್ತು ನಲವತ್ತೊಂದು ಎಕ್ಸ್‌ರೇ ತೆಗೆದೆ. ಉಸಿರು ಹಿಡೀರಿ, ಬಿಡಿ. ಉಸಿರು ಹಿಡೀರಿ, ಬಿಡಿ. ಮನೆಗೆ ಬಂದ ಮೇಲೂ ಬಾಯಿ ಅದನ್ನೇ ಹೇಳುತ್ತಿತ್ತು. ಸೊಂಟ ನನ್ನದೇ ಹೌದೋ ಅಲ್ಲವೋ ಅನ್ನಿಸುತ್ತಿದೆ.

ತಮ್ಮ ಅದೇ ಮಂಚದ ಮೇಲೆ, ಗೋಡೆಯ ಕಡೆ ಮುಖ. ಹೆಂಡತಿ ತೀರಿಹೋಗಿ ನಾಲ್ಕು ತಿಂಗಳಾಯಿತು. ಅವನನ್ನು ನನ್ನ ಮನೆಗೆ ಕರೆತಂದು ಮೂರೂವರೆ. ಇಷ್ಟು ದಿನದಲ್ಲಿ ಎರಡೇ ಮಾತು — 'ಹೂಂ', 'ಬೇಡಕ್ಕ'. ಹದಿನೆಂಟು ವರ್ಷ ಬಸ್ ಕಂಡಕ್ಟರಾಗಿ ಊರಿಗೆಲ್ಲ ಕೇಳುವಂತೆ ಕೂಗಿದ ಗಂಟಲು!

ಡಿಪೋದಿಂದ ಫೋನ್. ಮ್ಯಾನೇಜರು ಗದರಲಿಲ್ಲ, ಬೇಡಿಕೊಂಡರು. "ಜುಲೈ ಒಂದಕ್ಕೆ ಡ್ಯೂಟಿಗೆ ಬರ್ಲೇಬೇಕು ಮೇಡಂ. ಇನ್ನು ರಜ ಎಳೆಯೋಕೆ ನನ್ನ ಕೈಲೂ ಆಗಲ್ಲ. ಕೆಲ್ಸ ಹೋಗುತ್ತೆ."

ತಮ್ಮನಿಗೆ ಹೇಳಿದೆ. 'ಹೂಂ' ಅಂದ. ಕೆಲಸವೂ ಹೋದರೆ ಇವನು ಆ ಮಂಚದಿಂದ ಏಳುವುದೇ ಇಲ್ಲ. ಭಯವಾಗುತ್ತಿದೆ.

ಜೂನ್ ೫, ಬುಧವಾರ

ಅಡುಗೆಮನೆ ಬಾಗಿಲು ಸರಿಮಾಡಲು ಕುಳ್ಳ ಬಂದಿದ್ದ. ಆರಡಿ ಎರಡಿಂಚಿನ ಬಡಗಿ. ಕುಳ್ಳ ಅನ್ನುವುದು ಚಿಕ್ಕಂದಿನ ಆಟವೊಂದರಲ್ಲಿ ಅವನಿಗಿದ್ದ ಹೆಸರು, ಹೋಗಲೇ ಇಲ್ಲ. ಶಾಲೆಯ ದಿನಗಳಲ್ಲಿ ಅವನು ಕೊಡಲಿ ಹಿಡಿದ ಕುಳ್ಳ, ಎದುರುಮನೆಯವಳು ಮಾಂತ್ರಿಕಳು, ನನ್ನ ತಮ್ಮ ಬೀಗ ತೆರೆಯುವ ಕಳ್ಳ. ಆಟ ನಡೆಸುವವಳು ನಾನು: ಕತೆ ನಾನು ಹೇಳಬೇಕು, ತಮ್ಮ ಪಾತ್ರ ಏನು ಮಾಡುತ್ತದೋ ಅವರು ಹೇಳಬೇಕು, ಆಯಿತೋ ಇಲ್ಲವೋ ದಾಳ ತೀರ್ಮಾನಿಸಬೇಕು. ಹಡಗಿನಲ್ಲಿ ಕೆಲಸಕ್ಕಿದ್ದ ಸೋದರಮಾವ ತಂದುಕೊಟ್ಟ ನಿಯಮಗಳ ಜೆರಾಕ್ಸ್ ಪುಸ್ತಕ, ಇಪ್ಪತ್ತು ಮುಖದ ಒಂದು ದಾಳ, ಗ್ರಾಫ್ ಹಾಳೆ, ಮೊಂಡು ಪೆನ್ಸಿಲ್. ಅಷ್ಟೇ. "ಕತ್ತಲೆ. ಎದುರಿಗೆ ಕಬ್ಬಿಣದ ಬಾಗಿಲು. ಆಚೆ ಯಾರೋ ಉಸಿರಾಡ್ತಿದಾರೆ. ಏನ್ ಮಾಡ್ತೀರಿ?" ಅಂದರೆ ಸಾಕು, ಮೂವರೂ ಒಟ್ಟಿಗೇ ಕಿರುಚುತ್ತಿದ್ದರು. ಊಟಕ್ಕೆ ಕರೆದು ಕರೆದು ಅಮ್ಮನಿಗೆ ಸಾಕಾಗುತ್ತಿತ್ತು.

ಕುಳ್ಳ ಮರ ಕೆತ್ತುತ್ತಲೇ ಕೇಳಿದ. "ನಮ್ ಕಳ್ಳ ಎಲ್ಲಿ?"

ಒಳಗಿನಿಂದ ಉತ್ತರ. "ಇಲ್ಲೇ ಇದೀನಲ್ಲೋ."

ಮೂರನೆಯ ಮಾತು! ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಭಾನುವಾರ ಎಲ್ಲರೂ ಸೇರಿ ಆಡೋಣ ಅಂದುಬಿಟ್ಟೆ, ಹಿಂದೆ ಮುಂದೆ ನೋಡದೆ.

ಜೂನ್ ೯, ಭಾನುವಾರ

ಆಗಲಿಲ್ಲ.

ಹಳೆಯ ಪುಸ್ತಕ ಗೆದ್ದಲಿಗೆ ಹೋಗಿ ಎಷ್ಟೋ ಕಾಲವಾಗಿದೆ. ಎದುರುಮನೆಯವಳು ಈಗ ಟೈಲರ್. ಆನ್‌ಲೈನಿನಲ್ಲಿ ಹೊಸದು ತರಿಸಿದ್ದಳು. ಮುನ್ನೂರು ಪುಟ, ಬಣ್ಣದ ಚಿತ್ರ, ಏಳು ಥರದ ದಾಳ. ಮೂಗಿಗಿಂತ ಮೂಗುತಿ ಭಾರ. ಒಂದು ಬಾಗಿಲು ಒದೆಯಲು ಮೂರು ಕೋಷ್ಟಕ ನೋಡಬೇಕು. ಕುಳ್ಳನಿಗೆ ಮಂಡಿನೋವು, ನೆಲದ ಮೇಲೆ ಕೂರಲಾಗದು. ಟೈಲರಳ ಕನ್ನಡಕ ಒಂದು, ನನ್ನದು ಒಂದು. ಓದಬೇಕಾದಾಗ ಎರಡೂ ಸಿಗಲಿಲ್ಲ. ನಡುನಡುವೆ ಯಾರದೋ ಬ್ಲೌಸಿನ ಅಳತೆಗೆ ಫೋನು.

"ಹಲ್ಲಿದ್ದಾಗ ಕಡಲೆ ಇರ್ಲಿಲ್ಲ, ಈಗ ನೋಡು," ಅಂದಳು ಟೈಲರ್. ನಕ್ಕೆವು. ನಗು ಬೇಗ ಮುಗಿಯಿತು.

ತಮ್ಮ ತನ್ನ ಸರದಿ ಬಂದಾಗ ದಾಳ ಹಾಕಿದ. ಸಂಖ್ಯೆಯನ್ನೂ ನೋಡಲಿಲ್ಲ. ನಾಲ್ಕು ಗಂಟೆಗೆ ಎದ್ದು ಒಳಗೆ ಹೋದ. ಇವತ್ತೂ ಅದೇ ಕಬ್ಬಿಣದ ಬಾಗಿಲು ಇಟ್ಟಿದ್ದೆ; ತೆರೆಯದೇ ಉಳಿಯಿತು. ಆ ದಿನಗಳು ಹೋದವು, ನಾನೇ ಒಪ್ಪಿಕೊಳ್ಳಬೇಕು. ಸುಸ್ತು.

ಜೂನ್ ೧೦, ಸೋಮವಾರ. ಬೆಳಗ್ಗೆ

ಡ್ಯೂಟಿಗೆ ಹೊರಟು ಚಪ್ಪಲಿ ಮೆಟ್ಟಿದ್ದೆ. ಹಿಂದಿನಿಂದ ತಮ್ಮ — "ಅಕ್ಕ, ಆ ಬಾಗಿಲ ಹಿಂದೆ ಏನಿತ್ತು?"

ಹೇಳಲಿಲ್ಲ. "ಆಡಿದ್ರೆ ತಾನೇ ಗೊತ್ತಾಗೋದು," ಅಂದೆ. ನಿಜ ಹೇಳಬೇಕೆಂದರೆ ನನಗೂ ಗೊತ್ತಿರಲಿಲ್ಲ.

ಜೂನ್ ೧೬

ಡಬಲ್ ಡ್ಯೂಟಿ. ಆಟ ಇಲ್ಲ. ತಮ್ಮ ಮತ್ತೆ ಗೋಡೆಗೆ.

ಜೂನ್ ೨೩, ಭಾನುವಾರ. ಸಂಜೆ ೬

ಮರೆಯುವ ಮೊದಲು ಬರೆಯಬೇಕು.

ಇವತ್ತು ಹೊಸ ಪುಸ್ತಕವನ್ನು ಕಪಾಟಿಗೆ ಹಾಕಿ ನೆನಪಿನಿಂದಲೇ ನಡೆಸಿದೆ. ಬಾಗಿಲ ಹಿಂದೆ ಕಲ್ಲಿನ ದೈತ್ಯನನ್ನು ಇಟ್ಟೆ. ಹೇಗೋ ಆಟ ಕಾವೇರಿತು; ಕುಳ್ಳ ಮಂಡಿ ಮರೆತು ಎದ್ದು ನಿಂತು ಬಾಗಿಲಿಗೆ ಕೊಡಲಿ ಬೀಸಿದ, ಟೈಲರ್ ಫೋನು ಆಫ್ ಮಾಡಿದಳು. ಕಳ್ಳ ಮುಂದೆ ಹೋಗಿ ಬೀಗ ತೆರೆದ. ದೈತ್ಯ ಕೈ ಎತ್ತಿದ. ನಾನು ದಾಳ ಹಾಕಿದೆ, ಎಲ್ಲರ ಕಣ್ಣೆದುರೇ. ಇಪ್ಪತ್ತು, ಅಂದರೆ ದೈತ್ಯನ ಏಟು ಪೂರ್ತಿ ಬಿತ್ತು.

ಕಳ್ಳ ಸತ್ತ.

ತಮ್ಮನ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಎಂಥ ಕೆಲಸ ಮಾಡಿದೆ! ದಾಳ ಮರೆಯಲ್ಲಿ ಹಾಕಿ ಸುಳ್ಳು ಹೇಳಬಾರದಿತ್ತೇ?

ಕುಳ್ಳನೇ ಅಂದ. "ಹಾಗಾದ್ರೆ ಮೆಟ್ಟಿಲು. ನಮ್ ನಿಯಮ ಅದೇ ತಾನೆ?"

ಹೌದು, ಮರೆತೇ ಹೋಗಿತ್ತು. ಮಾವನ ಜೆರಾಕ್ಸಿನಲ್ಲಿ ಎರಡು ಪುಟ ಇರಲಿಲ್ಲ. ಸಾವಿನ ನಿಯಮವಿದ್ದ ಪುಟಗಳೇ ಅವು. ಸತ್ತರೆ ಏನು ಮಾಡಬೇಕೋ ಗೊತ್ತಿಲ್ಲದೆ ನಾವೇ ಒಂದು ಕಟ್ಟಿಕೊಂಡಿದ್ದೆವು: ಸತ್ತವರು ಹೊರಗಿನ ಮೆಟ್ಟಿಲ ಮೇಲೆ ಕೂರಬೇಕು, ಉಳಿದವರು ಆ ಕೋಣೆ ಮುಗಿಸುವ ತನಕ. ಆಮೇಲೆ ಒಳಗೆ ಬಂದು ಅಲ್ಲಿ ಏನು ಕಂಡೆ ಅಂತ ಹೇಳಬೇಕು. ಹೇಳಿದರೆ ಜೀವ ವಾಪಸ್. ಲೋಕದಲ್ಲೆಲ್ಲ ಹೀಗೇ ಆಡುತ್ತಾರೆ ಅಂದುಕೊಂಡಿದ್ದೆವು, ಪೆದ್ದುಗಳು.

ತಮ್ಮ ಎದ್ದು ಹೋಗಿ ಕೂತ. ನಾವು ಹೇಗೋ ಆ ದೈತ್ಯನನ್ನು ಮುಗಿಸಿದೆವು. ಕರೆದೆವು. ಬರಲಿಲ್ಲ. ಮತ್ತೆ ಕರೆದಾಗ ಬಂದು ಬಾಗಿಲಲ್ಲೇ ನಿಂತ.

"ಬಸ್ಸು ಬಂತು," ಅಂದ. "ಹತ್ತಿದೆ. ಫುಲ್ ರಶ್. ಎಲ್ಲರೂ ಸತ್ತೋರೆ, ಆದ್ರೂ ಸೀಟಿಗೆ ಜಗಳ. ಕೈಯಲ್ಲಿ ಟಿಕೆಟ್ ಮಿಷಿನ್ ಇತ್ತು, ಕೊಡ್ತಾ ಹೋದೆ. ಮೂರನೇ ಸೀಟಲ್ಲಿ, ಕಿಟಕಿ ಪಕ್ಕ ಅವ್ಳು."

ಟೈಲರ್ ಬಾಯಿಗೆ ಸೆರಗು ಒತ್ತಿಕೊಂಡಳು.

"ಟಿಕೆಟ್ ಅಂದೆ. ಕಂಡಕ್ಟರ್ ಹೆಂಡ್ತೀನ ಟಿಕೆಟ್ ಕೇಳ್ತೀಯಲ್ಲ, ನಾಚಿಕೆ ಆಗಲ್ವಾ, ಪಾಸಿದೆ ಅಂದ್ಲು. ಪಕ್ಕದಲ್ಲಿ ಕೂರೋಕೆ ಹೋದೆ. ಬ್ಯಾಗ್ ಇಟ್ಬಿಟ್ಲು. ನಿಂಗೆ ಈ ರೂಟಲ್ಲಿ ಡ್ಯೂಟಿ ಹಾಕಿಲ್ಲ, ಇಳಿ ಅಂದ್ಲು. ಇಳಿಯಲ್ಲ ಅಂದೆ. ಅವ್ಳೇ ಸೀಟಿ ಊದಿಬಿಟ್ಲು ಅಕ್ಕ. ಬಸ್ಸು ನಿಂತ್ಬಿಡ್ತು."

ಆಮೇಲೆ ಅತ್ತ. ನಾಲ್ಕು ತಿಂಗಳಲ್ಲಿ ಮೊದಲ ಸಲ. ಕುಳ್ಳ ಅವನನ್ನು ಹಿಡಿದುಕೊಂಡ. ತುಂಬ ಹೊತ್ತಿನ ಮೇಲೆ ತಮ್ಮ ಮೂಗು ಒರೆಸಿಕೊಂಡು ಕೇಳಿದ. "ಜೀವ ಬಂತಾ?"

"ಬಂತು," ಅಂದೆ. ಕಳ್ಳನ ಪ್ರಾಣದ ಅಂಕ ಹತ್ತು ಅಂತ ಹಾಳೆಯಲ್ಲಿ ಬರೆದುಕೊಟ್ಟೆ.

ಜುಲೈ ೧, ಸೋಮವಾರ. ಬೆಳಗ್ಗೆ ೬.೧೦

ಹೋದ. ಯೂನಿಫಾರ್ಮ್ ಸಡಿಲವಾಗಿದೆ, ಬೆಲ್ಟಿಗೆ ಹೊಸ ತೂತು ಮಾಡಿಕೊಂಡ. ಗೇಟಿನ ತನಕ ಹೋಗಿ ನಿಂತ, ನಾನು ಓಡಿದೆ. ಬಾಟಲಿಗೆ ನೀರು ತುಂಬಲು ಮರೆತಿದ್ದನಂತೆ. ತುಂಬಿಕೊಟ್ಟೆ. ಹೋದ.

ಖುಷಿಪಡಬೇಕು. ಪಟ್ಟೆ. ಆದರೆ ಡೈರಿ ಮುಚ್ಚಲಾಗುತ್ತಿಲ್ಲ.

ತಮ್ಮನ ಹೆಂಡತಿಯ ಎದೆಯ ಎಕ್ಸ್‌ರೇ ತೆಗೆದದ್ದು ನಾನೇ. ಕಳೆದ ಅಕ್ಟೋಬರ್. "ಅತ್ತಿಗೆ, ಏನಾದ್ರೂ ಕಾಣುತ್ತಾ?" ಅಂದಳು. ಕಂಡಿತ್ತು. ಹೇಳುವ ಅಧಿಕಾರ ನನಗಿಲ್ಲ, ರಿಪೋರ್ಟು ಡಾಕ್ಟರದ್ದು. "ಏನಿಲ್ಲ, ಬಟ್ಟೆ ಹಾಕ್ಕೋ ಹೋಗು," ಅಂದೆ. ನಗುತ್ತಾ ಹೋದಳು. ತಮ್ಮನಿಗೆ ಇದು ಗೊತ್ತಿಲ್ಲ. ಯಾರಿಗೂ ಇಲ್ಲ.

ಆಟ ನಡೆಸುವವಳು ಸಾಯುವುದಿಲ್ಲ. ಮೆಟ್ಟಿಲಿನ ಸರದಿ ಅವಳಿಗೆ ಬರುವುದೇ ಇಲ್ಲ. ಆದರೂ ಈಗ ಇಲ್ಲೇ ಬಂದು ಕೂತಿದ್ದೇನೆ, ಡೈರಿ ತೊಡೆಯ ಮೇಲೆ.

ಬಸ್ಸು ಬಂತು ಅಂದುಕೊಂಡೆ. ಹತ್ತಿದೆ. ಮೂರನೇ ಸೀಟು. ಅವಳು ತಿರುಗಿದಳು. ಬ್ಯಾಗ್ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. 'ಅತ್ತಿಗೆ, ಏನಾದ್ರೂ ಕಂಡಿತ್ತಾ?' ಅಂದಳು. 'ಕಂಡಿತ್ತು' ಅಂದೆ, ಆಮೇಲೆ —